ಅತ್ತೆಯ ಕಣ್ಣೂ ಎಂಜಲು ಮಾಸ್ಕೂ

ಬಾಯಿ ಮುಚ್ಚಿಕೊಂಡು ಮಾತಾಡುವ ಕಲೆ ನನಗೆ ಇನ್ನೂ ಒಲಿದಿಲ್ಲವೆಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಒಬ್ಬನೇ ನಡೆದು ಹೋಗುವಾಗ ನನ್ನಷ್ಟು ಶಿಸ್ತಾಗಿ ಮಾಸ್ಕ್ ಹಾಕುವ ಮನುಷ್ಯ ಇಡೀ ಜೆ.ಪಿ. ನಗರದಲ್ಲಿ ಸಿಗಲಾರ. ಎದುರಿಗೆ ಪರಿಚಯದವರು ಬಂದು "ಏನ್ ಸಾರ್" ಎಂದರೆ ಸಾಕು, ಕೈ ತಾನಾಗಿಯೇ ಹೋಗಿ ಅದನ್ನು ಗದ್ದಕ್ಕೆ ಇಳಿಸುತ್ತದೆ. ಮುಖ ಮುಚ್ಚಿಕೊಂಡೇ ಮಾತಾಡಿದರೆ ಅವರು ಏನಂದುಕೊಂಡಾರು ಎಂಬ ದಾಕ್ಷಿಣ್ಯ. ಈ ಸಲ ಫ್ಲೂ ಬಂದು ಮನೆಮನೆಯಲ್ಲೂ ಕೆಮ್ಮು ಶುರುವಾದಾಗ ಗೊತ್ತಾಯಿತು, ನಾನೊಬ್ಬನೇ ಅಲ್ಲ. ಜರಗನಹಳ್ಳಿಯ ನಮ್ಮ ಬಾಡಿಗೆ ಮನೆಯ ಓನರ್ ಮಾಸ್ಕನ್ನು ಸ್ಕೂಟರಿನ ಕನ್ನಡಿಗೆ ನೇತುಹಾಕಿ, ಸ್ಕೂಟರಿಗೆ ಜ್ವರ ಬಾರದಂತೆ ಕಾಪಾಡುತ್ತಿದ್ದಾರೆ. ಮೊನ್ನೆ ಬಸ್ಸಿನಲ್ಲಿ ಪಕ್ಕದ ಸೀಟಿನವರು ಬಲು ಅಚ್ಚುಕಟ್ಟಾಗಿ ಮಾಸ್ಕ್ ಹಾಕಿಕೊಂಡಿದ್ದರು. ಸೀನು ಬಂದಾಗ ಮಾತ್ರ ಗಡಿಬಿಡಿಯಲ್ಲಿ ಅದನ್ನು ತೆಗೆದು, ನನ್ನ ಕಡೆ ತಿರುಗಿ ಸೀನಿ, ಮತ್ತೆ ಹಾಕಿಕೊಂಡರು. ನಾನು ನೋಡಿದ್ದಕ್ಕೆ, "ಹೊಸದು ಸಾರ್, ಗಲೀಜಾಗುತ್ತೆ" ಅಂದರು.

ಗುರುವಾರ ನಮ್ಮ ಅತ್ತೆಯವರ ಕಣ್ಣಿನ ಪೊರೆಯ ಆಪರೇಷನ್ ಇಲ್ಲದಿದ್ದರೆ ಇದೆಲ್ಲ ನಕ್ಕು ಮರೆಯುವ ವಿಷಯವಾಗಿತ್ತು. ಎಪ್ಪತ್ತೆಂಟರ ಅತ್ತೆ ಅದಕ್ಕೆಂದೇ ನಮ್ಮಲ್ಲಿಗೆ ಬಂದಿದ್ದರು. ಅಕ್ಕಿಯಲ್ಲಿ ಕಲ್ಲು ಕಾಣುವುದಿಲ್ಲ, ಹೂ ಕಟ್ಟುವಾಗ ಮಲ್ಲಿಗೆ ಯಾವುದು ದಾರ ಯಾವುದು ತಿಳಿಯುವುದಿಲ್ಲ ಎಂದು ಅವರು ಹೇಳುವಾಗ ನನಗೆ ನಿಜಕ್ಕೂ ಸಂಕಟವಾಗುತ್ತಿತ್ತು. ಹಿಂದೊಮ್ಮೆ ದಿನ ಗೊತ್ತಾಗಿ, ಶುಗರ್ ಏರಿ ಮುಂದಕ್ಕೆ ಹೋಗಿತ್ತು. ಈ ಸಲ ಡಾಕ್ಟರು, "ಕೆಮ್ಮಿದ್ರೆ ಮಾಡೋಕಾಗಲ್ಲಮ್ಮ, ಕಣ್ಣಿನ ಕೆಲಸ" ಎಂದು ಮೊದಲೇ ಎಚ್ಚರಿಸಿದ್ದರು. ಹಾಗಾಗಿ ಮನೆಯೊಳಗೆ ಫ್ಲೂ ನುಗ್ಗದಂತೆ ಕಾಯುವ ಕೆಲಸವನ್ನು ನನ್ನ ಹೆಂಡತಿ ವತ್ಸಲಾ ನನಗೆ ವಹಿಸಿದಳು. ನಾನು ಬಾಗಿಲಲ್ಲಿ ನಿಂತು ಹಾಲಿನವನಿಂದ ಹಿಡಿದು ಗ್ಯಾಸಿನವನವರೆಗೆ ಎಲ್ಲರಿಗೂ ಮಾಸ್ಕಿನ ಪಾಠ ಹೇಳಿದೆ. ಪಾಠ ಸ್ಪಷ್ಟವಾಗಿ ಕೇಳಿಸಬೇಕಲ್ಲ, ನನ್ನದನ್ನು ಇಳಿಸಿಕೊಂಡೇ ಹೇಳಿದೆ.

ಅತ್ತೆಗೆ ವೈರಸ್ಸು ಗೊತ್ತಿಲ್ಲ, ಎಂಜಲು ಗೊತ್ತು. ನಾನು ಆಫೀಸಿನಿಂದ ಬಂದು ಮಾಸ್ಕ್ ತೆಗೆದ ತಕ್ಷಣ, "ಎಲ್ಲಿಟ್ರಿ ಅದನ್ನ?" ಎಂದು ಕೇಳುತ್ತಿದ್ದರು. ಊಟದ ಮೇಜಿನ ಮೇಲೆ ಎಂದರೆ ಮುಗಿಯಿತು. "ಬಾಯಿಗೆ ತಾಗಿದ್ದು ಎಂಜಲೇ ಅಲ್ವೇ ಅಳಿಯಂದ್ರೇ? ಎಂಜಲು ಲೋಟ ತಂದು ಅಲ್ಲಿ ಇಡ್ತೀರಾ? ಜೇಬಲ್ಲಿ ಇಟ್ಕೊಂಡು ಓಡಾಡ್ತೀರಾ? ಮೊದ್ಲು ಕೈ ತೊಳೀರಿ." ಇದೇ ಸಂಗತಿಯನ್ನು ಟಿ.ವಿ.ಯಲ್ಲಿ ತಜ್ಞರೊಬ್ಬರು ಅರ್ಧ ಗಂಟೆ ಇಂಗ್ಲಿಷಿನಲ್ಲಿ ಹೇಳಿದಾಗ ನಾನು ತಲೆದೂಗಿದ್ದೆ. ಅತ್ತೆ ಹೇಳಿದಾಗ ಮಾತ್ರ, ಪಾಪ ಹಳೇ ಕಾಲದವರು ಎಂದು ಮನಸ್ಸಿನಲ್ಲೇ ನಕ್ಕೆ.

ಸೋಮವಾರ ಅತ್ತೆಯ ಕಣ್ಣಿನ ಡ್ರಾಪ್ಸ್ ತರಲು ಜಯನಗರ ನಾಲ್ಕನೇ ಬ್ಲಾಕಿಗೆ ಹೋದಾಗ ಹಳೆಯ ಸ್ನೇಹಿತ ಮೂರ್ತಿ ಸಿಕ್ಕಿದ. ಮೂಗು ಕೆಂಪಗಾಗಿತ್ತು, ಗಂಟಲು ಕಟ್ಟಿತ್ತು. ನಾನು ನಾಲ್ಕು ಹೆಜ್ಜೆ ದೂರವೇ ನಿಂತೆ. "ಫ್ಲೂ ಏನಲ್ಲ ಗುರು, ಬರೀ ಥಂಡಿ. ಬಾ, ಬೈ-ಟೂ ಹಾಕೋಣ" ಅಂದ. ಆ ನಾಲ್ಕು ಹೆಜ್ಜೆ ಎಲ್ಲಿ ಹೋದವೋ ಕಾಣೆ. ಈ ಊರಿನಲ್ಲಿ ಸ್ನೇಹಿತನ ಎದುರು ಒಬ್ಬನೇ ಒಂದು ಪೂರ್ತಿ ಕಾಫಿ ಕುಡಿಯುವುದೆಂದರೆ ಸ್ನೇಹ ಮುರಿದುಕೊಂಡ ಹಾಗೆ. ಒಂದು ಕಾಫಿಯನ್ನು ಎರಡು ಲೋಟಕ್ಕೆ ಹಂಚಿದಾಗ ಅವನದಕ್ಕೆ ಸ್ವಲ್ಪ ಹೆಚ್ಚು ಬಂದಿತ್ತು. ಎರಡು ಗುಟುಕು ಕುಡಿದ ಮೇಲೆ ಅದನ್ನು ಗಮನಿಸಿದ ಮೂರ್ತಿ, "ನಂಗೇ ಜಾಸ್ತಿ ಬಂತಲ್ಲೋ" ಎಂದು ನನ್ನ ಲೋಟಕ್ಕೆ ಒಂದಿಷ್ಟು ಬಗ್ಗಿಸಿದ. ಬೇಡ ಎನ್ನಲು ನನಗೆ ಬಾಯಿ ಬರಲಿಲ್ಲ. ಕಾಫಿ ಚೆನ್ನಾಗಿಯೇ ಇತ್ತು.

ಬುಧವಾರ ಬೆಳಿಗ್ಗೆ ಗಂಟಲು ಕೆರೆಯಿತು. ಹೇಳಿದರೆ ವತ್ಸಲಾ ಬಿಡುವುದಿಲ್ಲ, ಹೇಳದಿದ್ದರೆ ಅತ್ತೆಯ ಕಣ್ಣು. ಹೇಡಿಯ ಹಾಗೆ ನಡುದಾರಿ ಹಿಡಿದು, ಮನೆಯೊಳಗೂ ಮಾಸ್ಕ್ ಹಾಕಿಕೊಂಡು ಪೇಪರಿನ ಹಿಂದೆ ಕೂತೆ. "ನೋಡಮ್ಮಾ, ಕೊನೆಗೂ ಇವ್ರಿಗೆ ಬುದ್ಧಿ ಬಂತು" ಎಂದು ವತ್ಸಲಾ ಮೆಚ್ಚಿಕೊಂಡಳು. ಅತ್ತೆ ಒಂದು ಕ್ಷಣ ಕಿವಿಗೊಟ್ಟು, "ಬುದ್ಧಿ ಅಲ್ಲ ಕಣೇ. ಬೆಳಿಗ್ಗೆಯಿಂದ ಒಂದು ಮಾತೂ ಆಡಿಲ್ಲ ಅವ್ರು. ಹುಷಾರಿಲ್ಲ" ಅಂದರು. ಅಷ್ಟರಲ್ಲಿ ಸೀನು ಬಂತು, ಅದರ ಹಿಂದೆಯೇ ಬೈ-ಟೂ ಕಥೆಯೂ ಬಂತು. "ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ" ಎಂದು ವತ್ಸಲಾ ಶುರುಮಾಡಿದಳು. ಅತ್ತೆ ಬೈಯಲಿಲ್ಲ. "ಎಂಜಲು ಕಾಫಿ ಕುಡಿದ್ರಾ?" ಎಂದಷ್ಟೇ ಕೇಳಿದರು. ಬೈದಿದ್ದರೇ ವಾಸಿಯಿತ್ತು. ಓನರನ್ನು ಕೇಳಿ ಟೆರೇಸಿನ ರೂಮು ಕೊಡಿಸಿ, ತಟ್ಟೆ ಲೋಟದ ಸಮೇತ ನನ್ನನ್ನು ಮೇಲಕ್ಕೆ ಕಳಿಸಿದರು. ಗುರುವಾರ ತಾಯಿ ಮಗಳು ಇಬ್ಬರೇ ಆಟೋ ಹತ್ತಿದ್ದನ್ನು ಮೇಲಿನಿಂದ ನೋಡಿದೆ. ಅತ್ತೆ ಮಾಸ್ಕಿನ ಮೇಲೆ ಸೆರಗನ್ನೂ ಹೊದ್ದಿದ್ದರು. ಒಂದೇ ಒಂದು ಕೆಮ್ಮು ಬಾರದಿರಲಿ ಎಂದು ಅವತ್ತು ನಾನು ಬೇಡಿಕೊಂಡಷ್ಟು ನನ್ನ ಪರೀಕ್ಷೆಗಳಿಗೂ ಬೇಡಿಕೊಂಡಿರಲಿಲ್ಲ.

ಕೆಮ್ಮು ಬರಲಿಲ್ಲ. ಆಪರೇಷನ್ ಸುಸೂತ್ರವಾಗಿ ಆಯಿತು. ಮರುದಿನ ಪಟ್ಟಿ ಬಿಚ್ಚಿಸಿಕೊಂಡು ಬಂದ ಅತ್ತೆಯನ್ನು ಕಂಡು ನನಗೆ ತಡೆಯಲಾಗಲಿಲ್ಲ. ಮೆಟ್ಟಿಲ ತುದಿಯಲ್ಲೇ ನಿಂತು, "ಅತ್ತೇ, ಈಗ ಕಾಣ್ಸುತ್ತಾ?" ಎಂದು ಕೂಗಿದೆ. ಅವರು ಕಪ್ಪು ಕನ್ನಡಕವನ್ನು ತುಸು ಮೇಲೆತ್ತಿ, ನಿಧಾನವಾಗಿ ನನ್ನನ್ನು ನೋಡಿದರು.

"ಚೆನ್ನಾಗಿ ಕಾಣ್ತಿದೆ ಅಳಿಯಂದ್ರೇ. ಮೀಸೇಲಿ ನಾಲ್ಕು ಬಿಳಿ ಕೂದಲೂ ಕಾಣ್ತಿದೆ."

ಇನ್ನೊಂದು ಕಣ್ಣಿನ ಆಪರೇಷನ್ ಮುಂದಿನ ತಿಂಗಳಂತೆ. ಅಲ್ಲಿಯವರೆಗೆ ನನ್ನನ್ನು ಯಾರ ಮನೆಯಲ್ಲಿ ಬಿಡುವುದೆಂದು ತಾಯಿ ಮಗಳು ಈಗಲೇ ಮಾತಾಡಿಕೊಳ್ಳುತ್ತಿದ್ದಾರೆ.