ನನ್ನ ಹೆರಿಗೆಗೆ ಗೊತ್ತುಮಾಡಿದ್ದ ದೇವಕಕ್ಕನನ್ನು ತಾವು ಇಟ್ಟುಕೊಂಡ ಬಗ್ಗೆ

ಶ್ರೀಮತಿ ಬೆಳ್ಳಿಯವರಿಗೆ,
ಹಿರಿಯ ಎಮ್ಮೆ, ಬಾಗಿಲ ಪಕ್ಕದ ಗೂಟ,
ವೆಂಕಟ್ರಮಣ ಹೆಗಡೆಯವರ ಕೊಟ್ಟಿಗೆ, ಹುಲಗೋಳ.

ಮಾನ್ಯರೇ,

ಮೈಮೇಲೆ ಒಂದೇ ಒಂದು ಬಿಳಿ ಕೂದಲಿಲ್ಲದಿದ್ದರೂ ಬೆಳ್ಳಿ ಎಂಬ ಹೆಸರನ್ನು ಇಷ್ಟು ವರ್ಷ ಗಾಂಭೀರ್ಯದಿಂದ ಹೊತ್ತುಕೊಂಡು ಬಂದಿರುವ ತಮಗೆ, ಅದೇ ಮನೆಯ ಮಗಳಾದ ವೇದಾ ಬಾಣಂತಿ ಕೋಣೆಯ ಮಂಚದ ಮೇಲಿಂದ ಮಾಡುವ ನಮಸ್ಕಾರಗಳು. ತಾವೂ ತಮ್ಮ ಕರುವೂ ಕ್ಷೇಮವೆಂದು ಬೆಳಿಗ್ಗೆ ಸಂಜೆ ಕೇಳುತ್ತಲೇ ಇದ್ದೇನೆ, ಏಕೆಂದರೆ ಈ ಮನೆಯಲ್ಲಿ ಬೇರೆ ಸುದ್ದಿಯೇ ಇಲ್ಲ.

ವಿಷಯಕ್ಕೆ ಬರುತ್ತೇನೆ. ನನಗೆ ಹೆರಿಗೆಯೆಂದರೆ ಜೀವ ಬಾಯಿಗೆ ಬರುವಷ್ಟು ಹೆದರಿಕೆಯಿತ್ತು. ಜೊತೆಗೆ ನಿಲ್ಲಬೇಕಾದ, ನನ್ನ ಹೆತ್ತ ಆಯಿಯೋ, ಮೆಟ್ಟುಗತ್ತಿಯಲ್ಲಿ ಬೆರಳು ಸ್ವಲ್ಪ ಕೊಯ್ದರೂ ಸೌತೆಕಾಯಿ ಸಮೇತ ನೆಲಕ್ಕೊರಗುವ ಹೆಂಗಸು. ಅಷ್ಟರಲ್ಲಿ ಯಲ್ಲಾಪುರದಿಂದ ಬಂದ ನನ್ನ ಯಜಮಾನರಾದ ಸಂದೇಶ ಅವರು, ವಿದೇಶದಲ್ಲಿ ಹೆರುವವಳ ಕೈ ಹಿಡಿದು ಧೈರ್ಯ ಹೇಳುವುದಕ್ಕೆಂದೇ ಒಬ್ಬರನ್ನು ಗೊತ್ತುಮಾಡಿಕೊಳ್ಳುತ್ತಾರಂತೆ ಎಂದು ವಾರಪತ್ರಿಕೆಯ ಹಾಳೆಯೊಂದನ್ನು ಹರಿದು ತಂದು ತೋರಿಸಿದರು. ನಮ್ಮ ಸೀಮೆಯಲ್ಲಿ ಈ ಕೆಲಸಕ್ಕೆ ಸೂಲಗಿತ್ತಿ ದೇವಕಕ್ಕ ಇದ್ದೇ ಇದ್ದಾಳಲ್ಲ ಎಂದು ಅಪ್ಪಯ್ಯ ಅವಳನ್ನು ಕರೆಸಿ, ಹರಿವಾಣದಲ್ಲಿ ಎಲೆ ಅಡಿಕೆ ಇಟ್ಟು ವೀಳ್ಯ ಕೊಟ್ಟು ಮಾತು ಮುಗಿಸಿದ. ಆಕೆ ನನ್ನ ತಲೆ ಸವರಿ, "ಹೆದ್ರಡ ಕೂಸೇ, ಆನು ನಿನ್ ಕೈ ಬಿಟ್ಟು ಎಲ್ಲಿಗೂ ಹೋಗ್ತ್ನಿಲ್ಲೆ" ಅಂದಳು. ಅಂದು ರಾತ್ರಿ ನಾನು ತಿಂಗಳುಗಳ ನಂತರ ಚೆನ್ನಾಗಿ ನಿದ್ದೆ ಮಾಡಿದೆ.

ಆದರೆ ದೇವಕಕ್ಕನ ಕಟ್ಟಳೆಯೊಂದು ನಮಗೆ ಗೊತ್ತಿರಲಿಲ್ಲ. ಆಕೆ ಮನುಷ್ಯರಿಗೂ ಸೈ, ಜಾನುವಾರಿಗೂ ಸೈ. ವೀಳ್ಯ ಹಿಡಿದ ಮೇಲೆ ಆ ಮನೆಯಲ್ಲಿ ಯಾರಿಗೆ ಮೊದಲು ನೋವು ಬರುತ್ತದೋ ಅವರ ಮಾಸು ಬೀಳುವವರೆಗೂ ಆಕೆ ಅಲ್ಲಿಂದ ಏಳುವವಳಲ್ಲ. ತಮಗಿದು ಮೊದಲೇ ಹೇಗೆ ತಿಳಿಯಿತೋ ದೇವರೇ ಬಲ್ಲ. ಇನ್ನೂ ಹದಿನೈದು ದಿನವಿದೆ ಎಂದು ಎಲ್ಲರನ್ನೂ ನಂಬಿಸಿದ್ದ ತಾವು, ಆ ದಿನ ನಾನು ಮೊದಲನೆಯ ದೋಸೆ ತಿಂದು ಎರಡನೆಯದಕ್ಕೆ ಕೈ ಹಾಕುವಷ್ಟರಲ್ಲಿ ಕೊಟ್ಟಿಗೆಯಲ್ಲಿ ಮಲಗಿ ಎದ್ದು ಶುರುಮಾಡಿಬಿಟ್ಟಿರಿ. ನನ್ನ ನೋವು ಬಂದದ್ದು ಮೂರನೆಯ ದೋಸೆಗೆ. ಒಂದು ದೋಸೆಯ ಅಂತರದಲ್ಲಿ ನಾನು ಸೋತೆ.

ನನ್ನನ್ನು ಆಸ್ಪತ್ರೆಗೆ ಒಯ್ಯಬೇಕಾದ ಜೀಪು ಅಂಗಳಕ್ಕೆ ಬಂದು ನಿಂತಿತು, ದೇವಕಕ್ಕ ಮಾತ್ರ ತಮ್ಮ ಹೊಟ್ಟೆಯ ಮೇಲಿಟ್ಟ ಕೈ ತೆಗೆಯಲಿಲ್ಲ. ಮಗಳ ಪರವಾಗಿ ಎರಡು ಮಾತಾಡುತ್ತಾನೆಂದು ಅಪ್ಪಯ್ಯನ ಮುಖ ನೋಡಿದರೆ ಅವನು, "ಕೂಸಿಗೆ ಶಿರಸಿಲಿ ಡಾಕ್ಟ್ರು ಇದ್ದ, ಎಮ್ಮೆಗೆ ಯಾರಿದ್ದ?" ಎಂದು ನ್ಯಾಯ ತೀರ್ಮಾನ ಮಾಡಿದ. ದನದ ಡಾಕ್ಟರು ಗುಡ್ನಾಪುರಕ್ಕೆ ಮದುವೆಗೆ ಹೋಗಿದ್ದರಂತೆ, ಕಳೆದ ಸಲ ತಮ್ಮ ಕರುವಿನ ಕಾಲು ಅಡ್ಡ ಬಂದಿತ್ತಂತೆ. ಪಾಪ, ಸುಳ್ಳಲ್ಲ. ಆದರೆ ನಾನೇನು ತಾಳ ಹಾಕುತ್ತ ಕೂರಬೇಕಿತ್ತೇ?

ಚೊಚ್ಚಲ ಹೆರಿಗೆ, ಇನ್ನೂ ಹೊತ್ತಾಗುತ್ತದೆ, ಇಲ್ಲೇ ನನ್ನ ಕಣ್ಣೆದುರು ಓಡಾಡುತ್ತಿರು ಎಂದು ದೇವಕಕ್ಕ ನನ್ನನ್ನೂ ಕೊಟ್ಟಿಗೆಗೇ ಕರೆಸಿಕೊಂಡಳು. ಹೀಗಾಗಿ ಸಗಣಿ ತಪ್ಪಿಸಿ ಕಾಲಿಡುತ್ತ, ಗೋಡೆಯಿಂದ ಗೋಡೆಗೆ ನಡೆಯುತ್ತ, ನಾನು ತಮ್ಮ ಸಹೋದ್ಯೋಗಿಯಾದೆ. ಒಂದು ನೋವು ಬಲವಾಗಿ ಬಂದಾಗ ಕಂಬವೆಂದು ನಾನು ಹಿಡಿದದ್ದು ತಮ್ಮ ಕೊಂಬಾಗಿತ್ತು. ತಾವು ತಲೆ ಕೊಡವಲಿಲ್ಲ, ಹಾಯಲಿಲ್ಲ, ದೊಡ್ಡ ಕಣ್ಣಿನಿಂದ ಒಮ್ಮೆ ನೋಡಿ ಸುಮ್ಮನೆ ನಿಂತಿರಿ.

ಆಯಿ ಬಾಗಿಲಾಚೆಯಿಂದ, "ಕೂಗಡ ತಂಗಿ, ಆಚೆಮನೆಯವ್ಕೆ ಕೇಳ್ತು" ಅನ್ನುತ್ತಲೇ ಇದ್ದಳು. ತಾವೋ ಆಚೆಮನೆಯೇನು, ಆಚೆ ಊರಿಗೂ ಕೇಳುವಂತೆ ಒಮ್ಮೆ ಒದರಿದಿರಿ, ಮತ್ತು ಯಾರೂ ತಮಗೆ ಮರ್ಯಾದೆಯ ಪಾಠ ಹೇಳಲಿಲ್ಲ. ಮುಂದಿನ ನೋವಿಗೆ ನಾನೂ ತಮ್ಮ ಜೊತೆ ದನಿಗೂಡಿಸಿದೆ. ಅಬ್ಬಾ, ಎಂಥ ಹಗುರ! ಗೋಡೆಯಾಚೆ ನಿಂತು ಪತ್ರಿಕೆಯ ಹಾಳೆಯನ್ನು ಗಟ್ಟಿಯಾಗಿ ಓದುತ್ತಿದ್ದ ಸಂದೇಶ ಅವರಿಗೆ ಯಾವ ದನಿ ಯಾರದೆಂದು ತಿಳಿಯದೆ, ತಾವು ಮೂಗಿನಿಂದ ಬುಸ್ಸೆಂದಾಗಲೆಲ್ಲ, "ಹಾಂ, ಭಾರಿ ಚೊಲೊ ಆತು, ಇನ್ನೊಂದ್ಸಲ ಉಸಿರು ಬಿಡು" ಎಂದು ಹುರಿದುಂಬಿಸುತ್ತಿದ್ದರು. ಅವರ ಮಾತಿನಂತೆ ನಡೆದುಕೊಂಡ ಜೀವ ಈವರೆಗೆ ತಾವೊಬ್ಬರೇ.

ತಮಗೆ ಹೆಣ್ಣು ಕರುವಾಯಿತು, ಕಾಲೂ ಅಡ್ಡ ಬರಲಿಲ್ಲ. ಇನ್ನಾದರೂ ದೇವಕಕ್ಕನನ್ನು ಬಿಟ್ಟುಕೊಡುತ್ತೀರೆಂದರೆ ಮಾಸು ಬೀಳಿಸದೆ ಹುಲ್ಲು ಮೆಲುಕು ಹಾಕುತ್ತ ನಿಂತಿರಿ! ನನಗೆ ತಡೆಯುವ ಹಾಗಿರಲಿಲ್ಲ. "ನೀ ನಡೆ, ಆನು ಹಿಂದೇ ಬತ್ತೆ" ಎಂಬ ದೇವಕಕ್ಕನ ಭರವಸೆಯೊಂದನ್ನು ಮಡಿಲಲ್ಲಿಟ್ಟುಕೊಂಡು ನಾನು ಜೀಪು ಹತ್ತಿದೆ, ಆಯಿ ಜೀಪು ನೋಡಿಯೇ ಒರಗಿದಳು, ಸಂದೇಶ ಅವರನ್ನು ಆಸ್ಪತ್ರೆಯವರು ಬಾಗಿಲಾಚೆ ನಿಲ್ಲಿಸಿದರು. ಕೈ ಹಿಡಿಯುವವರಿಗಾಗಿ ಇಷ್ಟೆಲ್ಲ ಏರ್ಪಾಡು ಮಾಡಿಕೊಂಡ ನಾನು ಒಳಗೆ ಒಬ್ಬಳೇ ಮಲಗಿದ್ದೆ. ಅತ್ತುಬಿಟ್ಟೆ, ಮುಚ್ಚಿಡುವುದೇನು.

ಆಮೇಲೆ ಕಣ್ಣುಮುಚ್ಚಿ ಮಂಚದ ಕಬ್ಬಿಣದ ಸರಳನ್ನು ತಮ್ಮ ಕೊಂಬೆಂದುಕೊಂಡು ಹಿಡಿದೆ, ತಾವು ಕಲಿಸಿದ ಹಾಗೆಯೇ ಒದರಿದೆ. ನರ್ಸಮ್ಮ ಓಡಿಬಂದು, "ಎಂತಕ್ಕಮ್ಮ ಎಮ್ಮೆ ಹಂಗೆ ಕೂಗ್ತೀಯ?" ಎಂದು ಗದರಿದರು. ಅದನ್ನು ನಾನು ಪ್ರಶಸ್ತಿಯೆಂದು ಸ್ವೀಕರಿಸಿ ಇನ್ನೂ ದೊಡ್ಡದಾಗಿ ಒದರಿದೆ, ಮಗಳು ಹುಟ್ಟಿದಳು. ದೇವಕಕ್ಕ ಮೈಯೆಲ್ಲ ಹುಲ್ಲಿನ ವಾಸನೆಯೊಡನೆ ಬಂದು ತಲುಪಿದಾಗ ಕೂಸು ಹಾಲು ಕುಡಿದು ಮಲಗಿತ್ತು.

ಆದ್ದರಿಂದ ನನ್ನ ವಿನಂತಿಗಳು ಇಷ್ಟೇ. ಮುಂದಿನ ಸಲ ದಿನವನ್ನು ಪರಸ್ಪರ ಚರ್ಚಿಸಿ ಇಟ್ಟುಕೊಳ್ಳೋಣ. ಅದಾಗದಿದ್ದರೆ ದೇವಕಕ್ಕನನ್ನು ತಾವೇ ಇಟ್ಟುಕೊಳ್ಳಿ, ಅಡ್ಡಿಯಿಲ್ಲ. ತಾವೇ ಶಿರಸಿಯ ಆಸ್ಪತ್ರೆಗೆ ದಯಮಾಡಿಸಿ ನನ್ನ ಮಂಚದ ಪಕ್ಕ ನಿಲ್ಲತಕ್ಕದ್ದು. ಒಳಗೆ ಒಬ್ಬ ಹೆಂಗಸನ್ನು ಮಾತ್ರ ಬಿಡುತ್ತಾರೆ, ಕೊಂಬಿನ ಬಗ್ಗೆ ಫಲಕದಲ್ಲಿ ಏನೂ ಬರೆದಿಲ್ಲ, ನಾನು ನೋಡಿಕೊಂಡು ಬಂದಿದ್ದೇನೆ.

ಇಂತಿ, ತಮ್ಮ ಕೊಂಬಿನ ಋಣದಲ್ಲಿರುವ ವಿಶ್ವಾಸಿ,
ವೇದಾ

ತಾ.ಕ.: ತಮಗೆ ಹೆಣ್ಣು ಕರುವಾಯಿತೆಂದು ಅಪ್ಪಯ್ಯ ಗಿಣ್ಣು ಮಾಡಿಸಿ ಕೇರಿಗೆಲ್ಲ ಹಂಚಿದ. ಅದೇ ಗಿಣ್ಣು ತಿಂದು ಬಾಯೊರೆಸಿಕೊಂಡವರು ನನ್ನ ಕೋಣೆಗೆ ಬಂದು ತೊಟ್ಟಿಲು ನೋಡಿ, "ಹೆಣ್ಣಾ? ಅಡ್ಡಿಲ್ಲೆ, ಮುಂದಿನ ಸಲ ನೋಡನ" ಎಂದು ಸಮಾಧಾನ ಹೇಳಿ ಹೋಗುತ್ತಿದ್ದಾರೆ. ಹೆಸರಿಡುವ ದಿನ ಇವರೆಲ್ಲ ಊಟಕ್ಕೆ ಕೂತಾಗ ದಯವಿಟ್ಟು ಅದೇ ಹಳೆಯ ದನಿಯಲ್ಲಿ ಒಮ್ಮೆ ಒದರಬೇಕು. ನಾನು ಒಳಗಿನಿಂದ ದನಿಗೂಡಿಸುತ್ತೇನೆ, ಮಗಳಿಗೂ ಅಷ್ಟರಲ್ಲಿ ಕಲಿಸಿಟ್ಟಿರುತ್ತೇನೆ.