ಮಲ್ಲಾರಾಧ್ಯರ ಟೊರೆಂಟ್ ಕುಕ್ಕರ್

"ವಾರಿಜಾ ಮೇಡಂ, ಕಣ್ಣು ಮುಚ್ಕೊಳ್ಳಿ! ಇನ್ನೂ ಮುಚ್ಚಿರಿ... ಹಾಂ, ಈಗ ಬಿಡಿ!"

ಬಿಟ್ಟೆ. ಪಕ್ಕದ ಮನೆಯ ಮಲ್ಲಾರಾಧ್ಯರ ಊಟದ ಮೇಜಿನ ಮೇಲೆ ಐದು ಲೀಟರಿನ ಪ್ರೆಶರ್ ಕುಕ್ಕರೊಂದು ಕೂತಿತ್ತು. ವಿಷಲ್ ಇರಬೇಕಾದ ಕಡೆ ಆಂಟೆನಾ, ಹಿಡಿಯ ಪಕ್ಕದಲ್ಲಿ ತಿರುಗಿಸುವ ಗುಂಡಿ, ಹೊಟ್ಟೆಯ ಮೇಲೆ ಅಂಗೈಯಗಲದ ಪರದೆ!

"ಅಯ್ಯೋ, ನನ್ನ ಕುಕ್ಕರ್!" ಎಂದು ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅವರ ಹೆಂಡತಿ ಗಿರಿಜಾಂಬ ಕೂಗಿದರು.

"ನಿನ್ನದಾಗಿತ್ತು. ಇವತ್ತಿಂದ ವಿಜ್ಞಾನದ್ದು," ಎಂದರು ಮಲ್ಲಾರಾಧ್ಯರು.

ಮಲ್ಲಾರಾಧ್ಯರು ಐಟಿಐಯಲ್ಲಿ ಮೂವತ್ತು ವರ್ಷ ವೈರಿಂಗ್ ಕಲಿಸಿ ನಿವೃತ್ತರಾದವರು. ನಾನು ಅಷ್ಟೇ ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು. ಮೈಸೂರಿನ ನಮ್ಮ ಅಡ್ಡರಸ್ತೆಯ ವಾಚನಾಲಯದ ಜವಾಬ್ದಾರಿ ನನ್ನದು. ಅಲ್ಲಿಗೆ ಯಾರೋ ಪುಣ್ಯಾತ್ಮರು ಹತ್ತು ಹಳೇ ಕಂಪ್ಯೂಟರ್ ಕೊಟ್ಟಿದ್ದರು. ಒಳಗೆ ಏನೇನೂ ಇರಲಿಲ್ಲ, ಬರೀ ಖಾಲಿ. ಅವಕ್ಕೆ ಜೀವ ಬರಬೇಕಾದರೆ ಆಪರೇಟಿಂಗ್ ಸಿಸ್ಟಂ ಹಾಕಬೇಕು. ಕನ್ನಡದಲ್ಲೇ ಮಾತಾಡುವ, ಯಾರು ಬೇಕಾದರೂ ಬಿಚ್ಚಿ ನೋಡಬಹುದಾದ, ಎಲ್ಲರಿಗೂ ಮುಕ್ತವಾದ 'ಹೊಂಗೆ' ಎಂಬುದೊಂದಿದೆ ಎಂದು ಪತ್ತೆ ಮಾಡಿದ್ದೆ. ಆದರೆ ನಮ್ಮ ಇಂಟರ್ನೆಟ್ಟು ತೊಂಬತ್ತು ಪರ್ಸೆಂಟಿಗೆ ಬಂದು ಉಸಿರು ಬಿಡುತ್ತಿತ್ತು. ಮತ್ತೆ ಸೊನ್ನೆಯಿಂದ ಶುರು!

ಸೋಮವಾರ ಹನ್ನೊಂದಕ್ಕೆ ವಾರ್ಡ್ ಎಂಜಿನಿಯರು ಬರುವವರಿದ್ದರು. ಅಷ್ಟರಲ್ಲಿ ಕಂಪ್ಯೂಟರ್ ತರಗತಿ ನಡೆಯುತ್ತಿರಬೇಕು. ಇಲ್ಲದಿದ್ದರೆ ಕಂಪ್ಯೂಟರ್ ಇಟ್ಟ ಕೋಣೆ ಪಾಲಿಕೆಯವರು ಸೊಳ್ಳೆಗೆ ಹೊಗೆ ಹಾಕುವ ಯಂತ್ರಗಳ ಪಾಲು. ಮೊದಲ ಹೆಸರು ಬರೆಸಿದವಳು ಟೈಲರ್ ಶಾಹೀನ. ಅವಳ ಹತ್ತಿರ ಚಿಪ್ ಇರುವ ಕಸೂತಿ ಯಂತ್ರವಿತ್ತು. ಆದರೆ ಯೂನಿಫಾರಂ ಮೇಲೆ ಒಂದು ಹೆಸರು ಹೊಲಿಯಬೇಕಾದರೂ ಅಕ್ಷರದ ನಮೂನೆ ಮಾಡಿಸಲು ಪೇಟೆಗೆ ಹೋಗಬೇಕಿತ್ತು. "ಮೇಡಂ, ನನ್ ಅಕ್ಷರ ನಾನೇ ಮಾಡ್ಕೊಬೇಕು," ಎಂದು ದಿನಾ ಬಂದು ಆ ಖಾಲಿ ಪರದೆಗಳ ಧೂಳು ಒರೆಸಿ ಹೋಗುತ್ತಿದ್ದಳು.

"ಇದಕ್ಕೆ ಟೊರೆಂಟೇ ಸರಿ," ಎಂದಿದ್ದರು ಮಲ್ಲಾರಾಧ್ಯರು.

"ಅದು ಕದ್ದ ಸಿನಿಮಾ ಇಳಿಸ್ಕೊಳ್ಳೋದಲ್ವೇನ್ರೀ?"

"ರಸ್ತೇಲಿ ಕಳ್ಳನೂ ಓಡ್ತಾನೆ, ಆಂಬುಲೆನ್ಸೂ ಓಡುತ್ತೆ. ರಸ್ತೆ ತಪ್ಪೇನ್ರೀ? ಟೊರೆಂಟ್ ಅಂದ್ರೆ ಒಬ್ಬರ ಹತ್ರಾನೇ ಪೂರ್ತಿ ಕೇಳೋದಲ್ಲ. ಇದ್ದೋರೆಲ್ಲರ ಹತ್ರ ಚೂರು ಚೂರು ಇಸ್ಕೊಂಡು, ನಮ್ಮ ಹತ್ರ ಬಂದ ಚೂರನ್ನ ಬೇರೆಯವರಿಗೆ ಕೊಟ್ಟುಕೊಂಡು ಹೋಗೋದು. ಮಧ್ಯೆ ನಿಂತರೂ ನಿಂತಲ್ಲಿಂದಲೇ ಮುಂದುವರಿಯುತ್ತೆ."

ನನಗೆ ಕುತೂಹಲ ಕೆರಳಿತು. ಅದಕ್ಕೊಂದು ತಂತ್ರಾಂಶ ಬೇಕು ತಾನೆ? ಹುಡುಕಿದರೆ ಐದು ಸಿಕ್ಕಿದವು. ಒಂದಕ್ಕೆ ಚಂದದ ಮುಖ, ಒಂದಕ್ಕೆ ಮುಖವೇ ಇಲ್ಲ, ಬರೀ ಅಕ್ಷರ. ಒಂದು ಮುಟ್ಟಿದರೆ ನೂರು ಪ್ರಶ್ನೆ ಕೇಳುತ್ತದೆ. ಒಂದರ ತುಂಬ ಜಾಹೀರಾತು. ಐದನೆಯದು ಹೊಂಗೆಯ ಜೊತೆಗೇ ಬರುವಂಥದು.

"ಐದನೇದೇ ಸಾಕಲ್ವಾ?" ಎಂದೆ.

"ಹಾಗೆ ಕಣ್ಣುಮುಚ್ಚಿ ಆರಿಸೋದಕ್ಕೆ ಅದೇನು ಲಾಟರಿ ಚೀಟೀನಾ? ಪರೀಕ್ಷೆ ಆಗ್ಬೇಕು!"

ಆ ಪರೀಕ್ಷೆಯೇ ಈ ಕುಕ್ಕರ್. ಒಳಗೆ ಐದು ಪುಟ್ಟ ಕಂಪ್ಯೂಟರು, ಒಂದೊಂದರಲ್ಲಿ ಒಂದೊಂದು ತಂತ್ರಾಂಶ. ಐದೂ ಏಕಕಾಲಕ್ಕೆ ಹೊಂಗೆಯನ್ನು ಇಳಿಸುತ್ತವೆ, ಕುಕ್ಕರ್ ಅಂಕ ಕೊಡುತ್ತದೆ.

"ಈ ಗುಂಡಿ ಏನು?"

"ಔದಾರ್ಯ! ಯಾವುದು ಜಾಸ್ತಿ ಹಂಚುತ್ತೋ ಅದಕ್ಕೆ ಜಾಸ್ತಿ ಅಂಕ." ಮಲ್ಲಾರಾಧ್ಯರು ಗುಂಡಿಯನ್ನು ಕೊನೆಯವರೆಗೂ ತಿರುಗಿಸಿ, ಪ್ಲಗ್ ಸಿಕ್ಕಿಸಿದರು. ಕುಕ್ಕರ್ ಒಮ್ಮೆ ಬುಸ್ ಎಂದಿತು. ಅದು ಶುಕ್ರವಾರ ಬೆಳಗ್ಗೆ.

ಮಧ್ಯಾಹ್ನದ ಹೊತ್ತಿಗೆ ಪರದೆಯ ಮೇಲೆ ಬಂತು: "ಐದೂ ಜಿಪುಣ. ಐದನ್ನೂ ಅರೆದು ಆರನೆಯದನ್ನು ಮಾಡಿಕೊಂಡಿದ್ದೇನೆ."

"ನೋಡಿದ್ರಾ! ಸ್ವಂತ ಬುದ್ಧಿ!" ಎಂದು ಮಲ್ಲಾರಾಧ್ಯರು ಕುಣಿದರು. ಆರನೆಯದು ಬಂದ ಚೂರನ್ನೆಲ್ಲ ಬಂದ ಕ್ಷಣವೇ ದಾನ ಮಾಡಿಬಿಡುತ್ತಿತ್ತು. ಯಾರಿಗೆ ಎನ್ನುವುದು ಮಾತ್ರ ಆಗ ನಮಗೆ ಹೊಳೆಯಲಿಲ್ಲ.

ಶನಿವಾರ ಬೆಳಗ್ಗೆ ನಾನು ಎಂದಿನಂತೆ ಬಿ.ಪಿ. ನೋಡಿಕೊಂಡೆ. ಮೇಲೆ ೪, ಕೆಳಗೆ ಮೈನಸ್ ೧೮! ನನ್ನ ಲೆಕ್ಕದ ಪ್ರಕಾರ ನಾನು ಸತ್ತಿರಬೇಕಿತ್ತು. ಗಾಬರಿಯಿಂದ ಪಕ್ಕದ ಮನೆಗೆ ಓಡಿದರೆ, ಗಿರಿಜಾಂಬ ಫ್ರಿಜ್ಜಿನ ಮುಂದೆ ನಿಂತು ಬೆವರುತ್ತಿದ್ದರು.

"ಮೇಡಂ, ನಮ್ಮ ಫ್ರಿಜ್ಜು ನೂರಾ ಐವತ್ತಂತೆ, ತೊಂಬತ್ತಾರಂತೆ! ಹಾಲು ಉಕ್ಕಿಬಿಡುತ್ತೇನೋ!"

"ಅದು ನನ್ನ ಬಿ.ಪಿ. ಕಣ್ರೀ!"

ಅಷ್ಟರಲ್ಲಿ ವಾಷಿಂಗ್ ಮಷೀನಿನಿಂದ ಹೆಂಗಸೊಬ್ಬಳು ಬಿಕ್ಕಿಬಿಕ್ಕಿ ಅಳುವುದು ಕೇಳಿಸಿತು. ಅದು ಹಿಂದಿನ ದಿನದ ಧಾರಾವಾಹಿ. ಟಿವಿಯಲ್ಲಿ ಮಾತ್ರ ನೊರೆ ಗಿರಗಿರ ತಿರುಗುತ್ತಿತ್ತು. ಶಾಹೀನ ಬ್ಲೌಸೊಂದನ್ನು ಹಿಡಿದು ಓಡಿಬಂದಳು.

"ಮೇಡಂ, ನಾನು ನವಿಲು ಹಾಕಿದ್ದೆ! ಏನ್ ಹೊಲಿದಿದೆ ನೋಡಿ!"

ಬೆನ್ನ ಮೇಲೆ ಕೆಂಪು ರೇಷ್ಮೆ ದಾರದಲ್ಲಿ ಮುದ್ದಾದ ಅಕ್ಷರ: "೩೭% ಇಳಿದಿದೆ. ದಯವಿಟ್ಟು ಕಾಯಿರಿ."

ಆರನೆಯದು ಕರೆಂಟಿನ ತಂತಿ ಹಿಡಿದು ಇಡೀ ಬೀದಿಗೆ ನುಗ್ಗಿತ್ತು! ಚಿಪ್ ಇದ್ದ ಪ್ರತಿ ಸಾಮಾನಿಗೂ ಹೊಂಗೆಯ ಚೂರು ಕೊಟ್ಟು, ಬದಲಿಗೆ ಅದರ ಹೊಟ್ಟೆಯಲ್ಲಿದ್ದುದನ್ನು ಇಸಿದುಕೊಂಡು ಮತ್ತೊಂದಕ್ಕೆ ಹಂಚಿತ್ತು.

"ಅದರ ಪ್ಲಗ್ ಕೀಳ್ರೀ ಮೊದಲು!" ಎಂದು ಗಿರಿಜಾಂಬ ತಾವೇ ಕಿತ್ತರು. ಕುಕ್ಕರ್ ತಣ್ಣಗಾಯಿತು. ವಾಷಿಂಗ್ ಮಷೀನ್ ಅಳುತ್ತಲೇ ಇತ್ತು.

ಮಲ್ಲಾರಾಧ್ಯರ ಮುಖ ಬಾಡಿತು. "ಅದೇ ಮೇಡಂ ಟೊರೆಂಟಿನ ಗುಣ. ಒಬ್ಬ ಎದ್ದುಹೋದರೆ ನಿಲ್ಲಲ್ಲ. ಈಗ ಅದು ಬೀದಿ ತುಂಬ ಇದೆ. ಪೂರ್ತಿ ಇಳಿದ ಮೇಲೇ ಬಿಡೋದು."

"ಹಾಗಾದ್ರೆ ಪೂರ್ತಿ ಇಳಿಸೋಣ," ಎಂದೆ.

ಕುಕ್ಕರನ್ನು ವಾಚನಾಲಯಕ್ಕೆ ಹೊತ್ತು ತಂದು ಮತ್ತೆ ಪ್ಲಗ್ ಹಾಕಿದೆವು. ಗುಂಡಿಯನ್ನು ಹಿಂದಕ್ಕೆ ತಿರುಗಿಸಿ, ಕೊಟ್ಟದ್ದನ್ನೆಲ್ಲ ವಾಪಸ್ ಕೇಳುವಂತೆ ಮಾಡಿದೆವು. ನಾನು ಕಪ್ಪುಹಲಗೆಯ ಮೇಲೆ ಬೀದಿಯ ನಕ್ಷೆ ಬರೆದು, ಯಾವ ಮನೆಯಿಂದ ಎಷ್ಟು ಬಂತೆಂದು ಗುರುತು ಹಾಕುತ್ತ ಹೋದೆ. ಗಿರಿಜಾಂಬ ಮನೆಮನೆಗೂ ಹೋಗಿ "ಎಲ್ಲ ಆನ್ ಮಾಡಿ" ಎಂದು ಹೇಳಿಬಂದರು. ಎಷ್ಟೋ ವರ್ಷಗಳಿಂದ ನನಗೆ ಲೆಕ್ಕ ಮಾಡುವುದರಲ್ಲಿ ಅಷ್ಟು ಸುಖ ಸಿಕ್ಕಿರಲಿಲ್ಲ! ಭಾನುವಾರ ಸಂಜೆಗೆ ತೊಂಬತ್ತೊಂಬತ್ತು ಪರ್ಸೆಂಟ್. ಅಲ್ಲಿಗೆ ನಿಂತೇಹೋಯಿತು.

ಸೋಮವಾರ ಬೆಳಗ್ಗೆ ಎಂಟಕ್ಕೂ ತೊಂಬತ್ತೊಂಬತ್ತೇ. ಶಾಹೀನ ಹಲಗೆಯ ಮುಂದೆ ಬಹಳ ಹೊತ್ತು ನಿಂತಿದ್ದು ಕೇಳಿದಳು: "ಮೇಡಂ, ಹದಿನೇಳನೇ ಮನೆಗೆ ಗುರುತೇ ಹಾಕಿಲ್ಲವಲ್ಲ?"

ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಹದಿನೇಳು ಅನಂತಶಯನ ಅವರ ಮನೆ. ಸರ್ವೆ ಇಲಾಖೆಯಲ್ಲಿದ್ದವರು. ಮಲ್ಲಾರಾಧ್ಯರ ಆಂಟೆನಾ ಮೇಲೆ, ಶಾಹೀನಳ ಯಂತ್ರದ ಸದ್ದಿನ ಮೇಲೆ, ನನ್ನ ವಾಚನಾಲಯದ ಮೇಲೆ, ಎಲ್ಲರ ಮೇಲೂ ದೂರು ಬರೆದವರು. ಗೇಟಿಗೆ ಬೋರ್ಡು: "ಬೆಲ್ ಒತ್ತಬೇಡಿ." ಗಿರಿಜಾಂಬ ಅದನ್ನು ನೋಡಿ ವಾಪಸಾಗಿದ್ದರು.

ಹೋಗಿ ಗೇಟು ಬಡಿದೆವು. "ಶನಿವಾರದಿಂದ ಮೇನ್ ಆಫ್ ಮಾಡಿದೀನಿ!" ಎಂದು ಒಳಗಿನಿಂದಲೇ ಗುಡುಗಿದರು. "ನನ್ನ ಬೆಲ್ಲು ತಾನಾಗೇ 'ನೆನೆಸಿ, ಹಿಂಡಿ, ಒಣಗಿಸಿ' ಅಂತು! ನಿಮ್ಮ ಮೇಲೆ ಬರೀತೀನಿ!"

"ಸಾರ್, ನಿಮ್ಮ ಬೆಲ್ಲಿನಲ್ಲಿ ನಮ್ಮದೊಂದು ಸಾಮಾನು ಉಳ್ಕೊಂಡಿದೆ," ಎಂದೆ.

ಬಾಗಿಲು ತೆರೆಯಿತು. "ಬೇರೆಯವರ ಸಾಮಾನು ನನ್ನ ಮನೇಲಾ? ನಾನು ಯಾರದ್ದೂ ಇಟ್ಕೊಂಡೋನಲ್ಲ! ಈಗಲೇ ತಗೊಂಡು ಹೋಗಿ!" ಎಂದು ಮೇನ್ ಹಾಕಿಯೇಬಿಟ್ಟರು.

ಶಾಹೀನ ಬೆಲ್ ಒತ್ತಿದಳು. ವಾಚನಾಲಯದ ಬಾಗಿಲಲ್ಲಿ ನಿಂತಿದ್ದ ಗಿರಿಜಾಂಬ ಕೂಗಿದರು: "ತೊಂಬತ್ತೊಂಬತ್ತು ಪಾಯಿಂಟ್ ಸೊನ್ನೆ ಒಂದು!" ಒಂದು ಒತ್ತಿಗೆ ಒಂದು ಪರ್ಸೆಂಟಿನ ನೂರರಲ್ಲೊಂದು ಪಾಲು. ಇನ್ನೂ ತೊಂಬತ್ತೊಂಬತ್ತು ಸಲ! ಆದರೆ ಪ್ರತಿ ಸಲವೂ ಬೆಲ್ಲಿನ ಹಾಡು ಪೂರ್ತಿ ಮುಗಿಯಬೇಕು. ಬೀದಿಯವರೆಲ್ಲ ಸಾಲುಗಟ್ಟಿ ನಿಂತು ಒಬ್ಬೊಬ್ಬರಾಗಿ ಒತ್ತಿದರು. ಅನಂತಶಯನರು ಮೊದಲ ಹತ್ತು ಸಲ "ಯಾರು?" ಎಂದು ಗದರಿದರು. ನಲವತ್ತಕ್ಕೆ "ಬನ್ನಿ" ಎಂದರು. ಎಪ್ಪತ್ತಕ್ಕೆ ಕುರ್ಚಿ ತಂದು ಬಾಗಿಲಲ್ಲೇ ಕೂತು, "ಮುಂದಿನೋರು! ಬೇಗ!" ಎಂದು ಸಾಲು ನೋಡಿಕೊಳ್ಳತೊಡಗಿದರು. ಕೊನೆಯ ಸಲ ತಾವೇ ಎದ್ದು ಒತ್ತಿದರು.

"ನೂರು!" ಎಂಬ ಕೂಗು ಬಂತು. ಆಗ ಗಂಟೆ ಒಂಬತ್ತೂವರೆ. ವಾಷಿಂಗ್ ಮಷೀನ್ ಅಳು ನಿಲ್ಲಿಸಿತು. ಕುಕ್ಕರಿನ ಪರದೆಯ ಮೇಲೆ ಫಲಿತಾಂಶ ಬಂದಿತ್ತು: "ಅತ್ಯುತ್ತಮ ಆಯ್ಕೆ: ಹದಿನೇಳನೇ ಮನೆಯ ಬೆಲ್. ಏನನ್ನೂ ಇಟ್ಟುಕೊಂಡಿಲ್ಲ."

"ಬೆಲ್ಲಲ್ಲಿ ಏನ್ರೀ ಇಳಿಸ್ಕೊಳ್ಳೋದು?" ಎಂದು ಗಿರಿಜಾಂಬ ರೇಗಿದರು. ಇನ್ನು ಮುಂದಕ್ಕೆ ಐದನೆಯ ತಂತ್ರಾಂಶವೇ ಎಂದು ನಾನು ತೀರ್ಮಾನಿಸಿದೆ. ಹನ್ನೊಂದಕ್ಕೆ ಎಂಜಿನಿಯರು ಬಂದಾಗ ಒಂಬತ್ತು ಪರದೆಗಳು ಕನ್ನಡದಲ್ಲಿ ನಮಸ್ಕಾರ ಹೇಳಿದವು. ಶಾಹೀನ ಒಂದೊಂದೇ ಕೀಲಿ ಹುಡುಕಿ ತನ್ನ ಹೆಸರು ಬರೆದು, ದೀರ್ಘ ಸರಿಯಿದೆಯೇ ಎಂದು ಎರಡು ಸಲ ನೋಡಿ, ಸೆರಗಿನಿಂದ ಕಣ್ಣೊರೆಸಿಕೊಂಡಳು.

ಒಂದೇ ಒಂದು ಎಡವಟ್ಟು ಹಾಗೇ ಉಳಿಯಿತು. ಹತ್ತನೇ ಕಂಪ್ಯೂಟರನ್ನು ಆನ್ ಮಾಡಿದರೆ ಇಲ್ಲಿ ನಮಸ್ಕಾರ ಬರುವುದಿಲ್ಲ, ಹದಿನೇಳನೇ ಮನೆಯಲ್ಲಿ ಬೆಲ್ ಹೊಡೆಯುತ್ತದೆ! ಅನಂತಶಯನರು ದಿನಾ ಜಗಳಕ್ಕೆಂದು ಬಂದು, ಆ ಕಂಪ್ಯೂಟರನ್ನು ಆಫ್ ಮಾಡಲು ಅದರ ಮುಂದೆ ಕೂತು, ತರಗತಿ ಮುಗಿಯುವವರೆಗೂ ಏಳುವುದಿಲ್ಲ. ಹೋದ ವಾರ ನನ್ನ ಮೇಲೆ ಎರಡು ಪುಟದ ದೂರನ್ನು ಅಲ್ಲೇ ಸ್ವತಃ ಟೈಪ್ ಮಾಡಿ ಕೈಗಿತ್ತರು. ಹನ್ನೊಂದು ಕಾಗುಣಿತದ ತಪ್ಪಿದ್ದವು. ತಿದ್ದಿ, ಮತ್ತೆ ಬರೆದು ತರುವಂತೆ ವಾಪಸ್ ಕೊಟ್ಟಿದ್ದೇನೆ.