ಹಮ್ರಿಯಾದಲ್ಲಿ ಎರಡನೇ ಹೆನ್ರಿಯ ಆಳ್ವಿಕೆ

ಶುಕ್ರವಾರ ಮಧ್ಯಾಹ್ನ ನಾನು ಬಂಗುಡೆ ಸೀಳಿ ತೊಳೆಯುತ್ತಿದ್ದೆ. ಮೇಲಿನ ಮನೆಯ ಉಡುಪಿಯವಳು ಏದುಸಿರು ಬಿಡುತ್ತಾ ಬಂದಳು.

"ಅಕ್ಕಾ, ನಿಮ್ಮ ಬಾವ ಚಪ್ಪಲಿ ಇಲ್ಲದೆ ರೋಡಲ್ಲಿ ಹೋಗ್ತಾ ಇದ್ದಾರೆ ಮಾರಾಯ್ರೆ! ಈ ಬಿಸಿಲಿಗೆ!"

ನನ್ನ ಗಂಡನ ಅಣ್ಣನಿಗೆ ತಲೆ ಕೆಟ್ಟಿದೆ ಎಂದು ಅವಳು ತಿಳಿದಿದ್ದರೆ ತಪ್ಪಿಲ್ಲ. ನಮ್ಮ ಕಟ್ಟಡವನ್ನು ಎಂಟುನೂರು ವರ್ಷದ ಹಿಂದೆ ಸತ್ತ ಇಂಗ್ಲೆಂಡಿನ ರಾಜನೊಬ್ಬ ಆಳುತ್ತಿದ್ದ ಎಂದರೆ ನೀವಾದರೂ ನಂಬುತ್ತೀರಾ? ಬಾವ ಊರಿನ ಕಾಲೇಜಿನಲ್ಲಿ ಚರಿತ್ರೆ ಕಲಿಸುತ್ತಿದ್ದವರು. ಮಸ್ಕತ್ತಿಗೆ ಬಂದು ಆಫೀಸಿನಲ್ಲಿ ಟೈಪಿಂಗ್ ಮಾಡುತ್ತಿದ್ದರು. ಊರಲ್ಲಿ ಬಿಟ್ಟ ಪಾಠವೆಲ್ಲ ಹಮ್ರಿಯಾದ ನಮ್ಮ ಹತ್ತು ಮನೆಗಳ ಮೇಲೆ ಬಿತ್ತು!

ಎರಡನೇ ಹೆನ್ರಿ ನ್ಯಾಯಾಧೀಶರನ್ನು ಊರೂರಿಗೆ ಕಳಿಸುತ್ತಿದ್ದನಂತೆ. ಹಾಗಾಗಿ ಬಾವ ಶುಕ್ರವಾರ ಮನೆಮನೆಗೆ ಹೋಗಿ ದೂರು ಕೇಳುತ್ತಿದ್ದರು. ಹೋದಲ್ಲೆಲ್ಲ ಚಹಾ. ನಾಲ್ಕನೇ ಮಹಡಿಗೆ ಮುಟ್ಟುವಾಗ ಫಿರ್ಯಾದಿಗಿಂತ ಮೊದಲು ಅವರಿಗೆ ಬಚ್ಚಲು ತೋರಿಸಬೇಕಿತ್ತು.

ಜಮೀನಿಗಾಗಿ ಕತ್ತಿ ಹಿಡಿದು ಕಾದಾಡುವ ಬದಲು ಹನ್ನೆರಡು ಮಂದಿ ಪ್ರಮಾಣ ಮಾಡಿ ಸತ್ಯ ಹೇಳಲಿ ಎಂದದ್ದೂ ಅದೇ ರಾಜನಂತೆ. ನಮ್ಮಲ್ಲಿ ಕತ್ತಿ ಇರಲಿಲ್ಲ, ಹಪ್ಪಳ ಇತ್ತು. ತಾರಸಿಯಲ್ಲಿ ಒಬ್ಬಳ ಸೀರೆಯ ನೀರು ಇನ್ನೊಬ್ಬಳ ಹಪ್ಪಳಕ್ಕೆ ತೊಟ್ಟಿಕ್ಕಿತು ಎಂದು ಜಗಳ. ಹನ್ನೆರಡು ಮಂದಿ ಕೂತೆವು. ಹಪ್ಪಳ ನಿಜವಾಗಿ ಹಾಳಾಗಿದೆಯೇ ಎಂದು ಕರಿದು ನೋಡಿದೆವು. ತೀರ್ಪು ಬರುವಾಗ ಸಾಕ್ಷಿಯೇ ಉಳಿದಿರಲಿಲ್ಲ!

ನಗುತ್ತಿದ್ದೆವು. ಆದರೆ ಆ ವಾರ ಯಾರೂ ನಗಲಿಲ್ಲ.

ನಮ್ಮ ಕಟ್ಟಡದ ವಾಚ್‌ಮನ್ ಕಾಸರಗೋಡಿನ ಕಾಕ, ವಯಸ್ಸಾದವರು. ಅವರ ಸಂಬಳದಲ್ಲಿ ಊರಿನಲ್ಲಿ ಆರು ಜನ ಉಣ್ಣುತ್ತಿದ್ದರು. ಬುಧವಾರ ಬೆಳಿಗ್ಗೆ ನೀರಿಲ್ಲ. ಬಾವ ಮೈಗೆಲ್ಲ ಸೋಪು ಹಚ್ಚಿಕೊಂಡು ನಿಂತಿದ್ದರು. ಕಾಕ ಮೋಟಾರು ಹಾಕಲು ಮರೆತರೆಂದೇ ತಿಳಿದು ಸಿಟ್ಟಿನಲ್ಲಿ ಕಟ್ಟಡದ ಮಾಲೀಕರಿಗೆ ಫೋನು ಮಾಡಿದರು, "ಈ ಮನುಷ್ಯನನ್ನು ಮೊದಲು ಇಲ್ಲಿಂದ ತೆಗೀರಿ!" ಆ ಮಾಲೀಕರೇ ಕಾಕನ ಕಫೀಲ್, ವೀಸಾ ಅವರ ಕೈಯಲ್ಲಿ. "ಖಲಾಸ್" ಎಂದರು, ಶನಿವಾರದ ವಿಮಾನಕ್ಕೆ ಕಾಕನನ್ನು ಹತ್ತಿಸಲು ಹೇಳಿದರು. ಗುರುವಾರ ಗೊತ್ತಾಯಿತು, ಮೋಟಾರೇ ಸುಟ್ಟುಹೋಗಿತ್ತು. ಕಾಕ ಮುಂಚೆಯೇ ಎರಡು ಸಲ ಮಾಲೀಕರ ಆಫೀಸಿಗೆ ಹೇಳಿದ್ದರು.

ಬಾವ ಮತ್ತೆ ಫೋನು ಮಾಡಿದರು. ಅತ್ತಲಿಂದ ಯಾರೂ ಎತ್ತಲಿಲ್ಲ. ಅವತ್ತು ಅವರು ಊಟಕ್ಕೂ ಏಳಲಿಲ್ಲ. "ರಾಜನೂ ಹೀಗೇ ಒಂದು ಮಾತು ಆಡಿದ. ಕೇಳಿಸಿಕೊಂಡವರು ಹೋಗಿ ಧರ್ಮಗುರುವನ್ನೇ ಕೊಂದರು" ಎಂದಷ್ಟೇ ಹೇಳಿದರು. ಮುಂದಿನದ್ದು ನಾನು ಕೇಳಲಿಲ್ಲ. ಕೇಳಿದ್ದರೆ ಶುಕ್ರವಾರ ಅವರನ್ನು ಹೊರಗೆ ಬಿಡದೆ ಬಾಗಿಲಿಗೇ ಅಡ್ಡ ನಿಲ್ಲುತ್ತಿದ್ದೆ.

ಆ ಶುಕ್ರವಾರ ಮೂರು ಗಂಟೆಗೆ ಕಾಕನೇ ಬಾವನ ತೋಳು ಹಿಡಿದು ಕರೆತಂದರು. ಪಾದದ ಅಡಿ ಪೂರ್ತಿ ಬೊಬ್ಬೆ.

"ಅಮ್ಮಾ, ಸಾರ್ ಕಫೀಲನ ಬಾಗಿಲಲ್ಲಿ ನಿಂತು 'ತಪ್ಪು ನನ್ನದು' ಅಂತ ಮಾತ್ರ ಹೇಳಿದ್ದು. ಅವರು ಕಾಲು ನೋಡಿದರು. ನನ್ನನ್ನು ಕರೆಸಿದರು, ಪಾಸ್‌ಪೋರ್ಟನ್ನು ವಾಪಸ್ಸು ಕಪಾಟಿನಲ್ಲಿಟ್ಟರು. ಯಲ್ಲಾ, ಕೆಲಸಕ್ಕೆ ಹೋಗು ಅಂದರು." ಕಾಕ ಬಾವನತ್ತ ತಿರುಗಿದರು. "ನೀವು ಎಂತ ಸಾರೇ, ಒಂದು ಚಪ್ಪಲಿಯಾದರೂ ಹಾಕಬಾರದಿತ್ತಾ?"

ಬಾವ ಗೋಡೆಗೊರಗಿ ಕೂತರು. "ರಾಜನೂ ಬರಿಗಾಲಲ್ಲೇ ಹೋದದ್ದು ಕಾಕಾ. ಆದರೆ ಅವನು ತಪ್ಪೊಪ್ಪಿಕೊಳ್ಳಲು ಹೋದದ್ದು ಸತ್ತ ಧರ್ಮಗುರುವಿನ ಗೋರಿಗೆ. ನನ್ನ ಪುಣ್ಯ, ನೀವು ಇದ್ದೀರಿ."

ಕಾಕ ನೆಲದ ಮೇಲೆ ಕೂತು ಆ ಪಾದಗಳನ್ನು ತಮ್ಮ ಮಡಿಲಿಗೆ ಎತ್ತಿಟ್ಟುಕೊಂಡರು. ಸಿಟ್ಟು ಕೊಟ್ಟ ದೇವರು ತಿದ್ದಿಕೊಳ್ಳಲು ಒಂದು ದಿನವನ್ನೂ ಉಳಿಸಿ ಕೊಟ್ಟಿದ್ದ. ಅದು ಸಣ್ಣ ಕೃಪೆಯೇ? ಕೈಮುಗಿದು ಒಳಗೆ ಹೋದೆ. ಕಾಕನಿಗೂ ಸೇರಿಸಿ ಇನ್ನೊಂದು ಪಾವು ಅಕ್ಕಿ ತೊಳೆಯಬೇಕಿತ್ತು.